ಕಸದ ನೀರಿಗೆ ಆಲೆಮನೆ ಉಪಾಯ

ಆಲೆಮನೆಯಲ್ಲಿ ಒಮ್ಮೆಯಾದರೂ ನಿಂತವರು ಇದನ್ನು ನೋಡಿರುತ್ತಾರೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆ ಗಿಡದ ಕಾಂಡ ಜಜ್ಜಿ ತೆಗೆದ ಲೋಳೆಯನ್ನು ಸುರಿಯುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಕೊಳೆ ನೊರೆಯ ಜೊತೆ ಮೇಲೇಳುತ್ತದೆ. ಉದ್ದ ಹಿಡಿಯ ಜಾಲರಿ ಹಿಡಿದವನು ಅದನ್ನು ಅಂಚಿಗೆ ಎಳೆದು ಎತ್ತಿ ಚೆಲ್ಲುತ್ತಾನೆ. ಅವನ ಕೈ ನಿಧಾನವಾಯಿತೋ, ಬೆಲ್ಲ ಕಪ್ಪಾಯಿತು.

ಸ್ವೀಡನ್ನಿನ ಸ್ಟಾಕ್‌ಹೋಮ್‌ನಿಂದ ದಕ್ಷಿಣಕ್ಕೆ, ಸೊಡರ್‌ಟೆಲ್ಯೆ ಪಟ್ಟಣದ ತ್ವೇತಾ ಕಸದ ಗುಡ್ಡದಲ್ಲೂ ಹೆಚ್ಚುಕಡಿಮೆ ಇದೇ ಕೆಲಸ. ಬೆಂಕಿ ಇಲ್ಲ, ಅಷ್ಟೆ. ಮಳೆನೀರು ಕಸದೊಳಗೆ ಇಳಿದು, ಅಲ್ಲಿರುವುದನ್ನೆಲ್ಲ ನೆನೆಸಿಕೊಂಡು, ಬುಡದಲ್ಲಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಹೊರಬರುತ್ತದೆ. ಇದೇ ಲೀಚೇಟ್. ಅದನ್ನು ಕಂಟೇನರ್‌ನೊಳಗೆ ಕೂರಿಸಿದ ಎತ್ತರದ ಕೊಳವೆಗಳಿಗೆ ತುಂಬಿ, ಕೆಳಗಿನಿಂದ ಗಾಳಿಗುಳ್ಳೆ ಬಿಡುತ್ತಾರೆ. ಮೇಲೆ ನಿಂತ ನೊರೆಯನ್ನು ಹೀರಿ ತೆಗೆಯುತ್ತಾರೆ. ಆ ನೊರೆ ಇಳಿದು ನೀರಾದ ಮೇಲೆ ಅದಕ್ಕೇ ಮತ್ತೆ ಗಾಳಿ ಊದುತ್ತಾರೆ. ಸುತ್ತು ಕಳೆದಂತೆ ದ್ರವ ಕಡಿಮೆ, ವಿಷ ಗಟ್ಟಿ. ಈ ಯಂತ್ರ ಮೊದಲು ಕೆಲಸ ಕಲಿತದ್ದು ಆಸ್ಟ್ರೇಲಿಯಾದ ಓಕಿ ಸೇನಾ ವಾಯುನೆಲೆಯಲ್ಲಿ. ಬೆಂಕಿ ಆರಿಸುವ ನೊರೆ ಅಲ್ಲಿನ ಅಂತರ್ಜಲಕ್ಕೆ ಇಳಿದಿತ್ತು.

ಎರಡೂ ಕಡೆ ಹಿಡಿಯಬೇಕಾದ ಕಳ್ಳನ ಹೆಸರು ಪಿಎಫ್‌ಎಎಸ್. ಒಂದಲ್ಲ, ಸಾವಿರಾರು ರಾಸಾಯನಿಕಗಳ ದೊಡ್ಡ ಕುಟುಂಬ. ಕಾರ್ಬನ್ ಮತ್ತು ಫ್ಲೋರಿನ್ ಇವುಗಳಲ್ಲಿ ಬಿಡಿಸಲಾಗದಂತೆ ಬೆಸೆದುಕೊಂಡಿರುತ್ತವೆ. ಸಾವಯವ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಗಟ್ಟಿ ಒಂಟಿ ಬಂಧ ಸಿಗುವುದು ಕಷ್ಟ. ಬ್ಯಾಕ್ಟೀರಿಯಾ, ಬಿಸಿಲು, ಮಳೆ ಯಾವುದಕ್ಕೂ ಈ ಬೆಸುಗೆ ಜಗ್ಗುವುದಿಲ್ಲ. ಕಲೆ ಹಿಡಿಯದ ಕಾರ್ಪೆಟ್, ನೀರು ಹೀರದ ಜಾಕೆಟ್, ಎಣ್ಣೆ ಸೋರದ ತಿಂಡಿ ಪೊಟ್ಟಣಗಳಲ್ಲಿ ಸುಖವಾಗಿದ್ದ ಈ ರಾಸಾಯನಿಕಗಳು ಕೊನೆಗೆ ಬಂದು ಸೇರುವುದು ಕಸದ ಗುಡ್ಡಕ್ಕೆ. ಸುಲಭಕ್ಕೆ ನಾಶವಾಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಈ ಕುಟುಂಬದ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸೇರಿದವು. ಕುಡಿಯುವ ನೀರಿನಲ್ಲಿ ಈ ಎರಡಕ್ಕೂ ಅಮೆರಿಕ 2024ರಲ್ಲಿ ಹಾಕಿದ ಮಿತಿ ಲೀಟರಿಗೆ 4 ನ್ಯಾನೊಗ್ರಾಂ. ಅದೆಷ್ಟು ಎಂದು ಲೆಕ್ಕ ಹಾಕಿದೆ: ಕನ್ನಂಬಾಡಿ ಕಟ್ಟೆ ತುಂಬಿ 49 ಟಿಎಂಸಿ ಚಿಲ್ಲರೆ ನೀರು ನಿಂತಾಗ, ಅಷ್ಟೂ ನೀರನ್ನು ಆ ಮಿತಿಗೆ ತಲುಪಿಸಲು ಐದೂವರೆ ಕಿಲೊ ಸಾಕು. ಒಬ್ಬರು ಸ್ಕೂಟರಿನಲ್ಲಿ ಒಯ್ಯುವಷ್ಟು.

ನೊರೆಯಲ್ಲೇ ಇವು ಸಿಕ್ಕಿಬೀಳುವುದೇಕೆ? ಇವುಗಳ ಗುಣ ಸೋಪಿನದು. ತಲೆಗೆ ನೀರು ಬೇಕು, ಬಾಲಕ್ಕೆ ನೀರೆಂದರೆ ಆಗದು. ಗಾಳಿಗುಳ್ಳೆ ಕಂಡೊಡನೆ ಬಾಲವನ್ನು ಅದರೊಳಗೆ ಚಾಚಿ ಅಂಟಿಕೊಂಡು ಮೇಲಕ್ಕೆ ಬರುತ್ತವೆ. ಯಾವ ಗುಣಕ್ಕಾಗಿ ಕಾರ್ಖಾನೆಗಳು ಇವನ್ನು ಸಾಕಿದವೋ ಅದೇ ಗುಣ ಇಲ್ಲಿ ಹಿಡಿದುಕೊಡುತ್ತದೆ. ಲೀಚೇಟ್ ತಾನಾಗಿಯೇ ನೊರೆಯುವುದರಿಂದ ಕೆಲಸ ಇನ್ನೂ ಸಲೀಸು. ಇದ್ದಿಲಿನ ಫಿಲ್ಟರ್ ಇಲ್ಲಿ ಬೇಗ ಸೋಲುತ್ತದೆ. ಲೀಚೇಟಿನ ಉಳಿದ ಕೊಳೆಯೇ ಅದರ ರಂಧ್ರಗಳನ್ನು ತುಂಬಿಬಿಡುತ್ತದೆ. ಗಾಳಿ ಆಡಿಸಿ ಬ್ಯಾಕ್ಟೀರಿಯಾಗಳಿಂದ ಶುದ್ಧ ಮಾಡಿಸುವ ಮಾಮೂಲಿ ಘಟಕಗಳಲ್ಲಂತೂ ಪಿಎಫ್‌ಒಎ ಕೆಲವೊಮ್ಮೆ ಹೆಚ್ಚುತ್ತದೆ. ದೊಡ್ಡ ಅಣುಗಳು ಮುರಿದು ಅದಾಗಿ ಮಾರ್ಪಡುವುದರಿಂದ ಹಾಗೆ.

ತ್ವೇತಾದಲ್ಲಿ ಪಿಎಫ್‌ಒಎಸ್, ಪಿಎಫ್‌ಒಎ ಎರಡೂ ನೂರಕ್ಕೆ 98ಕ್ಕಿಂತ ಹೆಚ್ಚು ಹೊರಬಂದವು. ಆದರೆ ನಾಲ್ಕೇ ಕಾರ್ಬನ್ನಿನ ಪಿಎಫ್‌ಬಿಎಸ್, ಪಿಎಫ್‌ಬಿಎ ಜಾರಿಕೊಳ್ಳುತ್ತವೆ. ಅಂಟಿಕೊಳ್ಳುವಷ್ಟು ಬಾಲ ಅವಕ್ಕಿಲ್ಲ. ತಮಾಷೆಯೆಂದರೆ, ಹಳೆಯದು ಅಪಾಯ ಎಂದು ತಿಳಿದ ಮೇಲೆ ಉದ್ಯಮ ಅಪ್ಪಿಕೊಂಡಿದ್ದು ಇಂಥ ಗಿಡ್ಡ ಬಾಲದವನ್ನೇ. ಇವನ್ನು ಎಬ್ಬಿಸಲು ಧನ ವಿದ್ಯುದಂಶದ ಸೋಪಿನಂಥ ವಸ್ತುವೊಂದನ್ನು ಬೆರೆಸುವ ಪ್ರಯೋಗಗಳು ನಡೆದಿವೆ. ಬೆಂಡೆ ಲೋಳೆಯ ನೆನಪು ನನಗೆ ಬಂದದ್ದು ಇಲ್ಲೇ.

ಹಿಡಿದದ್ದಾಯಿತು, ಮುಂದೆ? ಆಲೆಮನೆಯ ಕೊಳೆಯನ್ನು ತಿಪ್ಪೆಗೆ ಹಾಕಬಹುದು; ಇದನ್ನು ಹಾಕುವಂತಿಲ್ಲ. ನೊರೆ ತೆಗೆಯುವುದರಿಂದ ಒಂದು ಅಣುವೂ ಸಾಯುವುದಿಲ್ಲ. ಸಾವಿರ ಡಿಗ್ರಿ ದಾಟಿದ ಕುಲುಮೆ ಒಂದು ದಾರಿ. 374 ಡಿಗ್ರಿ ಸೆಲ್ಸಿಯಸ್ ಮತ್ತು ವಾತಾವರಣದ 218 ಪಟ್ಟು ಒತ್ತಡ ಮೀರಿದಾಗ ನೀರು ದ್ರವವೂ ಅಲ್ಲದ, ಹಬೆಯೂ ಅಲ್ಲದ ಸ್ಥಿತಿಗೆ ಹೋಗುತ್ತದೆ. ಅದರಲ್ಲಿ ಆಮ್ಲಜನಕ ಬೆರೆಸಿ ಸುಡುವುದು ಇನ್ನೊಂದು. ಬೋರಾನ್ ಸೇರಿಸಿದ ವಜ್ರದ ಲೇಪನದ ವಿದ್ಯುದ್ವಾರದಿಂದ ಒಡೆಯುವುದು ಮತ್ತೊಂದು. ಮೂರೂ ದುಬಾರಿ. ಹಾಗಾಗಿ ನೊರೆ ಎತ್ತಿ ಸಾವಿರಾರು ಲೀಟರನ್ನು ಬಕೆಟ್ಟಿಗೆ ಇಳಿಸಿಕೊಳ್ಳುವುದರಲ್ಲೇ ಈ ಕಸುಬಿನ ಜಾಣತನವಿದೆ. ಸುಡಬೇಕಾದದ್ದು ಬಕೆಟ್ ಮಾತ್ರ.

ನಮ್ಮಲ್ಲಿ ಲೀಚೇಟ್ ಎಂದರೆ ಕಾಂಪ್ಯಾಕ್ಟರ್ ಲಾರಿ ತಿರುವಿನಲ್ಲಿ ಸುರಿಸಿ ಹೋಗುವ ಗಬ್ಬುನೀರು, ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನವರ ಹಳೆಯ ಜಗಳ. ಸಂಸ್ಕರಿಸಿದ ಲೀಚೇಟಿಗೆ 2016ರ ಘನತ್ಯಾಜ್ಯ ನಿಯಮಗಳು ಕೊಟ್ಟ ಪಟ್ಟಿಯಲ್ಲಿ ಪಾದರಸ, ಸೀಸ, ಸೈನೈಡ್, ಫ್ಲೋರೈಡ್ ಎಲ್ಲ ಇದ್ದವು, ಪಿಎಫ್‌ಎಎಸ್ ಇರಲಿಲ್ಲ. ಫ್ಲೋರೈಡ್ ಅಳೆಯುತ್ತಾರಲ್ಲ, ಅದರಲ್ಲೇ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಇಲ್ಲ. ಆ ಪರೀಕ್ಷೆಗೆ ಕಾಣುವುದು ನೀರಿನಲ್ಲಿ ಬಿಡಿಯಾಗಿ ತೇಲುವ ಫ್ಲೋರೈಡ್ ಮಾತ್ರ. ಕಾರ್ಬನ್ನಿನ ತೆಕ್ಕೆಯಲ್ಲಿರುವ ಫ್ಲೋರಿನ್ ಅದರ ಎದುರೇ ಹಾದುಹೋಗುತ್ತದೆ.