ಉಪ್ಪುನೀರಿನ ತೊಟ್ಟಿಯೂ ಸೊನ್ನೆಯ ಆರಾಧನೆಯೂ

ಕಡಲ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ವ್ಯಸನಕ್ಕೆ ಒಮ್ಮೆ ಸಿಕ್ಕಿದವರು, ಅವರು ಬೆಂಗಳೂರಿನವರಾಗಲಿ ಮಂಗಳೂರಿನವರಾಗಲಿ, ಉಳಿದೆಲ್ಲ ವಿಷಯಗಳಲ್ಲಿ ಎಷ್ಟೇ ಭಿನ್ನಾಭಿಪ್ರಾಯವುಳ್ಳವರಾದರೂ ಒಂದು ನಂಬಿಕೆಯಲ್ಲಿ ಮಾತ್ರ ಏಕಮತದವರಾಗಿರುತ್ತಾರೆ: ನೀರಿನಲ್ಲಿ ನೈಟ್ರೇಟ್ ಇರತಕ್ಕದ್ದಲ್ಲ, ಇದ್ದರೆ ಅದು ವಿಷ, ಪರೀಕ್ಷೆಯ ನಳಿಕೆಯಲ್ಲಿ ಬಣ್ಣವೇರದೆ ಸೊನ್ನೆ ಕಂಡ ದಿನವೇ ಸಾಕುವವನ ಜನ್ಮ ಸಾರ್ಥಕ. ಈ ಸೊನ್ನೆಗಾಗಿ ಅವರು ಪಡುವ ಪರಿಪಾಟಲನ್ನು ಕಂಡರೆ ಮೊದಲು ನಗು ಬರುತ್ತದೆ; ಅದರ ಬೆಲೆಯನ್ನು ತೆರುವುದು ಅವರಲ್ಲ, ತೊಟ್ಟಿಯೊಳಗಿನ ಮೂಕಜೀವಿಗಳು ಎಂಬುದು ನೆನಪಾದಾಗ ನಗು ನಿಲ್ಲುತ್ತದೆ.

ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಿ ಮಾರ್ಪಡುವ ಕ್ರಮವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ತೊಟ್ಟಿ ಇಟ್ಟವರೆಲ್ಲ ಅದನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲರು. ಹಾಗೆ ಒಪ್ಪಿಸಬಲ್ಲವರೇ ಆ ಮೂರನ್ನೂ ಸಮಾನ ಅಪರಾಧಿಗಳೆಂದು ಬಗೆಯುವುದು ವಿಚಿತ್ರ. ಅಮೋನಿಯಾ ಲೀಟರಿಗೆ ಒಂದು ಮಿಲಿಗ್ರಾಮಿನೊಳಗೇ ಮೀನಿನ ಕಿವಿರನ್ನು ಸುಡಬಲ್ಲದು. ನೈಟ್ರೇಟಾದರೋ ಲೀಟರಿಗೆ 20 ಮಿಲಿಗ್ರಾಂ ಇದ್ದರೂ ಕ್ಲೌನ್ ಮೀನಿನ ಜೋಡಿ ನಿಶ್ಚಿಂತವಾಗಿ ಮೊಟ್ಟೆಯಿಟ್ಟು ಕಾವಲು ಕಾಯುತ್ತದೆ. ಹವಳ ಮುಂತಾದ ಸೂಕ್ಷ್ಮ ಪ್ರಕೃತಿಯ ಜೀವಿಗಳಿಗೆ ಇದಕ್ಕಿಂತ ಕಡಿಮೆ, 5ರಿಂದ 10ರ ಆಸುಪಾಸು, ಹಿತವೆಂಬುದನ್ನು ಅಲ್ಲಗಳೆಯುವವರಿಲ್ಲ. ಆದರೆ ಕಡಿಮೆ ಇರುವುದು ಬೇರೆ, ಇಲ್ಲವೇ ಇಲ್ಲದಿರುವುದು ಬೇರೆ.

ಸೊನ್ನೆಯ ಆರಾಧಕರು ಮುಂದಿಡುವ ಪರಮ ಪ್ರಮಾಣ ಸಮುದ್ರವೇ. ಹವಳದ ದಿಬ್ಬಗಳ ಮೇಲಣ ತಿಳಿನೀರಿನಲ್ಲಿ ನೈಟ್ರೇಟ್ ಲೀಟರಿಗೆ ಮಿಲಿಗ್ರಾಮಿನ ಹತ್ತರಲ್ಲೊಂದು ಪಾಲಿನಷ್ಟೂ ಸಿಗುವುದು ಕಷ್ಟವಲ್ಲವೆ, ಹಾಗಾದರೆ ನಮ್ಮ ತೊಟ್ಟಿಗೇಕೆ ಬೇಕು ಎಂದು ಅವರು ಕೇಳುತ್ತಾರೆ. ಪ್ರಮಾಣ ನಿಜ, ಅನುಮಾನ ಸುಳ್ಳು. ಸಮುದ್ರದಲ್ಲಿ ನೀರು ನಿಂತಿರುವುದಿಲ್ಲ. ಹಗಲಿರುಳೂ ಪ್ರವಾಹವು ಕಣ್ಣಿಗೆ ಕಾಣದ ಜೀವಕಣಗಳನ್ನು ಹೊತ್ತು ತರುತ್ತದೆ, ಮೇಲೆ ಸಾವಿರಾರು ಮೀನುಗಳ ಮಲ ಸುರಿಯುತ್ತದೆ, ಹವಳವು ತನ್ನ ಸಹಸ್ರ ಬಾಹುಗಳಿಂದ ಅದನ್ನೆಲ್ಲ ಹಿಡಿದು ಆ ಕ್ಷಣವೇ ಉಂಡುಬಿಡುತ್ತದೆ. ಉಳಿಯುವುದು ಅಲ್ಪ, ಹರಿದುಬರುವುದು ಅಪಾರ. ಅನ್ನಛತ್ರದಲ್ಲಿ ಪಾತ್ರೆ ಬರಿದಾಗಿರುವುದನ್ನು ನೋಡಿ, ಇಲ್ಲಿ ಯಾರೂ ಉಣ್ಣುವುದಿಲ್ಲವೆಂದು ತೀರ್ಮಾನಿಸಿ, ಮನೆಗೆ ಬಂದು ಒಲೆಯಾರಿಸಿದವನ ತರ್ಕಕ್ಕೂ ಇವರ ತರ್ಕಕ್ಕೂ ಹೆಚ್ಚಿನ ಅಂತರವಿಲ್ಲ.

ಹವಳದ ಮೈಯೊಳಗೆ ನೆಲಸಿ ಬೆಳಕಿನಿಂದ ಅದಕ್ಕೆ ಆಹಾರವೊದಗಿಸುವ ಸೂಕ್ಷ್ಮ ಪಾಚಿಗೆ ಸಾರಜನಕವೂ ರಂಜಕವೂ ಬೇಕೇ ಬೇಕು. ಕಡಲಿನ ಸಸ್ಯಕಣಗಳಲ್ಲಿ ಇಂಗಾಲ, ಸಾರಜನಕ, ರಂಜಕಗಳು ಸರಾಸರಿ 106, 16, 1ರ ಅನುಪಾತದಲ್ಲಿರುತ್ತವೆಂದು ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಕಳೆದ ಶತಮಾನದಲ್ಲಿಯೇ ತೋರಿಸಿಕೊಟ್ಟರು. ಸಾರಜನಕ, ರಂಜಕ ಎರಡನ್ನೂ ಸೊನ್ನೆಗಿಳಿಸಿದ ತೊಟ್ಟಿಯಲ್ಲಿ ಹವಳವು ಮೊದಲು ಬಣ್ಣಗುಂದುತ್ತದೆ, ಅನಂತರ ಕುಗ್ಗುತ್ತದೆ. ಅಷ್ಟರಲ್ಲಿ ಮರಳಿನ ಮೇಲೆ ಕಂದುಬಣ್ಣದ ಲೋಳೆ ಹಬ್ಬಿ, ಅದರ ಎಳೆಎಳೆಯ ತುದಿಯಲ್ಲಿಯೂ ಒಂದೊಂದು ಗಾಳಿಗುಳ್ಳೆ ಸಿಕ್ಕಿಕೊಂಡು, ರಾತ್ರಿ ದೀಪವಾರಿದ ಮೇಲೆ ತೆಳುವಾಗಿ ಮರುದಿನ ಮಧ್ಯಾಹ್ನಕ್ಕೆ ಮತ್ತೆ ದಟ್ಟವಾಗುತ್ತದೆ. ಇವು ಡೈನೋಫ್ಲಾಜೆಲೇಟುಗಳು; ಪ್ರತಿಸ್ಪರ್ಧಿಗಳೆಲ್ಲ ಹಸಿದು ಹಿಂದೆ ಸರಿದ ತೊಟ್ಟಿಯೆಂದರೆ ಇವಕ್ಕೆ ಸುಗ್ಗಿ. ಒಡೆಯನೋ, ನೀರು ಇನ್ನೂ ಕೊಳೆಯಾಗಿದೆಯೆಂದೇ ಭಾವಿಸಿ, ಮೇವನ್ನು ಕಡಿತಗೊಳಿಸಿ, ಮತ್ತಷ್ಟು ನೀರು ಬದಲಿಸಿ, ರೋಗವನ್ನು ಪೋಷಿಸುತ್ತಾನೆ. ನೈಟ್ರೇಟ್ ತೆಗೆಯಲು ಹಣ ಸುರಿದವರೇ ಕೊನೆಗೆ ಸೋಡಿಯಂ ನೈಟ್ರೇಟಿನ ದ್ರಾವಣವನ್ನು ಕೊಂಡುತಂದು ಹನಿಹನಿಯಾಗಿ ತೊಟ್ಟಿಗೆ ಹಾಕುವ ಪ್ರಹಸನವೂ ಅಪರೂಪವಲ್ಲ.

ಇಷ್ಟಾಗಿ ಆ ಸೊನ್ನೆಯಾದರೂ ನಿಜವೆ? ಹಲವು ಪರೀಕ್ಷಾ ಕಿಟ್‌ಗಳಲ್ಲಿ ಎರಡನೆಯ ಬಾಟಲಿಯೊಳಗಿನ ಲೋಹದ ಹುಡಿಯು ನೈಟ್ರೇಟನ್ನು ನೈಟ್ರೈಟಾಗಿ ಇಳಿಸಿದ ಮೇಲೆಯೇ ಬಣ್ಣ ಮೂಡುವುದು. ಹುಡಿ ತಳದಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಬಾಟಲಿಯನ್ನು ಅರ್ಧ ನಿಮಿಷ ಬಲವಾಗಿ ಕುಲುಕದೆ ಹನಿ ಹಾಕಿದರೆ ತೊಟ್ಟಿಯಲ್ಲಿ 40 ಇದ್ದರೂ ನಳಿಕೆ ನಿರ್ದೋಷಿಯೆಂದು ತೀರ್ಪು ಕೊಡುತ್ತದೆ. ಗಾಜಿನ ತುಂಬ ಹಸಿರು ಪಾಚಿ ಹಬ್ಬಿರುವಲ್ಲಿಯೂ ಸೊನ್ನೆ ಬರುವುದುಂಟು. ನೈಟ್ರೇಟ್ ಹುಟ್ಟಿದ ಹಾಗೆಲ್ಲ ಪಾಚಿಯ ಪಾಲಾಗಿರುತ್ತದೆ, ಅಷ್ಟೆ. ಕೆಲವು ಕಿಟ್‌ಗಳು ನೈಟ್ರೇಟನ್ನಲ್ಲದೆ ಅದರೊಳಗಿನ ಸಾರಜನಕವನ್ನು ಮಾತ್ರ ತೋರಿಸುತ್ತವೆ. ಅಲ್ಲಿ 10 ಎಂದರೆ ಇಲ್ಲಿ 44. ಇದನ್ನು ಅರಿಯದೆ ಇಬ್ಬರು ಸ್ನೇಹಿತರು ತಂತಮ್ಮ ಅಂಕಿಗಳನ್ನು ಹೋಲಿಸಿ ಜಗಳವಾಡುವುದನ್ನು ನಾನು ಸಾವಧಾನವಾಗಿ ಕುಳಿತು ಆಲಿಸಿದ್ದೇನೆ.

ನೀರು ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆಂಬ ಉಪನಂಬಿಕೆಗೆ ಅಂಕಗಣಿತವೇ ಉತ್ತರ. ಅರ್ಧದಷ್ಟು ಪ್ರೋಟೀನಿರುವ ಒಂದು ಗ್ರಾಂ ಒಣಮೇವು ಪೂರ್ತಿಯಾಗಿ ಕರಗಿದರೆ ಸುಮಾರು 350 ಮಿಲಿಗ್ರಾಂ ನೈಟ್ರೇಟ್ ಹುಟ್ಟುತ್ತದೆ, ಎಂದರೆ 200 ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ ಒಂದೂಮುಕ್ಕಾಲು ಮಿಲಿಗ್ರಾಂ. ದಿನವೂ ಹಾಕುವ ಮೇವಿನಲ್ಲಿ ಒಂದಂಶ ಮೀನಿನ ಮೈಗೂಡಿ ಮತ್ತೊಂದಂಶ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರ್ ಯಂತ್ರದ ಮೂಲಕ ಹೊರಬಿದ್ದು ವಾರಕ್ಕೆ 5 ಮಾತ್ರವೇ ಏರಿತೆನ್ನೋಣ. ಅಳತೆ 40 ಇದ್ದಾಗ ನೂರಕ್ಕೆ ಹತ್ತರಂತೆ ನೀರು ಬದಲಿಸಿದರೆ 36. ಮುಂದಿನ ಭಾನುವಾರಕ್ಕೆ 41. ಹೀಗೆಯೇ ಏರುತ್ತ ಹೋಗಿ 50ಕ್ಕೆ ನಿಲ್ಲುತ್ತದೆ. ನೂರಕ್ಕೆ ಇಪ್ಪತ್ತಾದರೆ 25ಕ್ಕೆ. ಬಕೆಟ್ ಹೊರುವ ತೋಳಿಗಿಂತ ಮೇವು ಚಿಮುಕಿಸುವ ಬೆರಳುಗಳಿಗೆ ಇಲ್ಲಿ ಅಧಿಕಾರ ಹೆಚ್ಚು.

ಉಳಿದ ನಂಬಿಕೆಗಳಿಗೆ ಒಂದೊಂದು ವಾಕ್ಯ ಸಾಕು. ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ಸಾಂದ್ರವಾಗುತ್ತದೆ. ಇದ್ದಿಲು ಅದನ್ನು ಹೀರುವುದಿಲ್ಲ. ಸ್ಕಿಮ್ಮರ್ ಕೊಳೆಯುವುದಕ್ಕೆ ಮುನ್ನಿನ ಸಾವಯವ ವಸ್ತುವನ್ನು ತೆಗೆಯುತ್ತದೆಯೇ ಹೊರತು ನೈಟ್ರೇಟನ್ನಲ್ಲ. ಕೊಳೆ ತಿನ್ನಲೆಂದು ತಂದ ಏಡಿಯೂ ಮಲವಿಸರ್ಜಿಸುತ್ತದೆ. ಮಲ್ಪೆಯಿಂದ ಕ್ಯಾನಿನಲ್ಲಿ ತುಂಬಿ ತಂದ ಕಡಲನೀರು ಶುದ್ಧವೆನ್ನುವವರು, ಮಳೆಗಾಲದಲ್ಲಿ ಹೊಳೆಗಳು ದಡದ ಬಳಿ ತಂದು ಸುರಿಯುವುದೇನೆಂಬುದನ್ನು ಒಮ್ಮೆ ನೋಡಬೇಕು. ಕೇಳಿದೊಡನೆ ಮೂಢನಂಬಿಕೆಯೆನಿಸುವ ಒಂದು ಮಾತ್ರ ಇಲ್ಲಿ ಸತ್ಯ: ವೋಡ್ಕಾವನ್ನೋ ವಿನೆಗರನ್ನೋ ಅತ್ಯಲ್ಪವಾಗಿ ಹನಿಸಿದರೆ ಬ್ಯಾಕ್ಟೀರಿಯಾಗಳು ವೃದ್ಧಿಸಿ ನೈಟ್ರೇಟನ್ನು ಮೈಗೂಡಿಸಿಕೊಳ್ಳುತ್ತವೆ, ಸ್ಕಿಮ್ಮರ್ ಆ ಬ್ಯಾಕ್ಟೀರಿಯಾಗಳನ್ನು ಹೊರಹಾಕುತ್ತದೆ, ಅವಸರಪಟ್ಟು ಹೆಚ್ಚು ಸುರಿದರೆ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ತೊಟ್ಟಿಯಲ್ಲಿರಿಸುವ ರಂಧ್ರಮಯವಾದ ಕಡಲಬಂಡೆಯಾದ ಲೈವ್ ರಾಕ್‌ನ ಒಡಲಲ್ಲಿ, ಆಮ್ಲಜನಕ ತಲುಪದ ಕತ್ತಲೆಯಲ್ಲಿ, ನೈಟ್ರೇಟು ಸಾರಜನಕ ಅನಿಲವಾಗಿ ಹೊರಟುಹೋಗುವುದೂ ಅಷ್ಟೇ ಸತ್ಯ. ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬುವರು 1961ರಲ್ಲಿಯೇ ಬಂಡೆ, ಬೆಳಕು, ಗಾಳಿಗಳನ್ನೇ ನಂಬಿದ ತಮ್ಮ ತೊಟ್ಟಿಗಳ ವಿಷಯವಾಗಿ ಬರೆದಿದ್ದರು.

ಇವೆಲ್ಲಕ್ಕೂ ತಾಳ್ಮೆ ಬೇಕು, ಮದ್ದಿನ ಬಾಟಲಿಗೆ ಬೇಡ. ಅಂಗಡಿಯಲ್ಲಿ ಅಕ್ಕಿಯ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡದೆ ಕೊಳ್ಳದವರು, ತೆಂಗಿನೆಣ್ಣೆಯನ್ನು ಮೂಸದೆ ದುಡ್ಡು ಬಿಚ್ಚದವರು, ಒಳಗೇನಿದೆಯೆಂದು ಮುದ್ರಿಸದ, ನೈಟ್ರೇಟನ್ನು ಒಂದೇ ರಾತ್ರಿಯಲ್ಲಿ ಮಾಯಮಾಡುವೆನೆನ್ನುವ ಬಾಟಲಿಗೆ ಮರುಮಾತಿಲ್ಲದೆ ಹಣ ತೆರುತ್ತಾರೆ. ತಂದ ದಿನವೇ ಸಂಜೆ, ಆವಿಯಾಗಿ ತಗ್ಗಿದ ನೀರನ್ನು ಮನೆಯ ಬೋರ್‌ವೆಲ್ ನಲ್ಲಿಯಿಂದ ತುಂಬಿಸುತ್ತಾರೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ವಿಧಿಸಿರುವ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕರ್ನಾಟಕದ ಎಷ್ಟೋ ಕೊಳವೆಬಾವಿಗಳು ಅದನ್ನು ದಾಟಿವೆ. ತೊಟ್ಟಿಯಿಂದ ಆವಿಯಾಗುವುದು ನೀರೊಂದೇ ಆದ್ದರಿಂದ, ಆರ್‌ಒ ನೀರಿಗೆ ಬದಲಾಗಿ ಸುರಿದ ಪ್ರತಿಯೊಂದು ತಂಬಿಗೆಯ ನೈಟ್ರೇಟೂ ಒಳಗೇ ಉಳಿಯುತ್ತದೆ. ಅದನ್ನಳೆಯುವ ಕಿಟ್ ಕಪಾಟಿನಲ್ಲಿಯೇ ಇದೆ. ಅದರ ನಳಿಕೆಯನ್ನು ನಲ್ಲಿಯ ಕೆಳಗೆ ಹಿಡಿದವರು ಮಾತ್ರ ನನಗೆ ಕಾಣಸಿಕ್ಕಿದ್ದು ಕಡಿಮೆ.