ಕ್ರೋಮ್ ತಾಗುವ ಮುನ್ನ, ತಾಗಿದ ಮೇಲೆ

ಟ್ಯಾನರಿಗೆ ಒಂದು ಟನ್ ಹಸಿ ತೊಗಲು ಹೋದರೆ ಹದವಾಗಿ ಹೊರಬರುವ ಚರ್ಮ ಸುಮಾರು 200ರಿಂದ 250 ಕಿಲೋ ಮಾತ್ರ. ಉಳಿದದ್ದರಲ್ಲಿ ಒಂದಷ್ಟು ನೀರಿನ ಪಾಲು. ಮಿಕ್ಕದ್ದು ಉಪ್ಪು, ಕೂದಲು, ಕೊಬ್ಬು, ಚೂರು, ಕೆಸರು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಇಳಿಯುವ ಪಾಲಾರ್ ನದಿಯ ಬಯಲಲ್ಲಿ ಟ್ಯಾನರಿಗಳ ಊರುಗಳಾದ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳಿವೆ. ಈ ಕಸವನ್ನೆಲ್ಲ ಹೊಳೆಗೆ, ಹೊಲಕ್ಕೆ ಬಿಟ್ಟರೆ ಏನಾಗುತ್ತದೆಂದು ಆ ಊರುಗಳ ಬಾವಿಗಳಿಗೆ ಚೆನ್ನಾಗಿ ಗೊತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ‘ಕೆಡಿಸಿದವರೇ ದಂಡ ತೆರಬೇಕು’ ಎಂದದ್ದು ಈ ಪ್ರದೇಶದ ಮೊಕದ್ದಮೆಯಲ್ಲೇ.

ಕಸ ಬೇರ್ಪಡಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದಕ್ಕೆ ಕ್ರೋಮ್, ಅಂದರೆ ತೊಗಲನ್ನು ಹದ ಮಾಡುವ ಕ್ರೋಮಿಯಂ ಲವಣ, ತಾಗಿದೆಯೇ?

ತಾಗದಿದ್ದರೆ ದಾರಿ ಸುಲಭ. ತೊಗಲು ಕೆಡದಿರಲೆಂದು ಅದರ ತೂಕದ ಶೇ. 40ರಷ್ಟು ಉಪ್ಪು ಹಚ್ಚಿರುತ್ತಾರೆ. ನೆನೆಸುವ ಮೊದಲೇ ಅದನ್ನು ಕೊಡವಿ ಗೋಣಿಗೆ ತುಂಬಬೇಕು; ನೀರಿನಲ್ಲಿ ಕರಗಿದ ಉಪ್ಪನ್ನು ಸಾಮಾನ್ಯ ಶುದ್ಧೀಕರಣ ಘಟಕ ತೆಗೆಯಲಾರದು. ಸುಣ್ಣದಲ್ಲಿ ನೆಂದ ತೊಗಲಿನ ಒಳಮೈಯಿಂದ ಹೆರೆದ ಮಾಂಸದ ಪೊರೆ ಲೋಳೆಲೋಳೆಯಾಗಿ, ನೀರು ತುಂಬಿಕೊಂಡಿರುತ್ತದೆ. ಎರಡು ದಿನ ಬಿಟ್ಟರೆ ಹತ್ತಿರ ನಿಲ್ಲಲಾಗದು. ತಡಮಾಡದೆ ಸುಣ್ಣ, ಸಲ್ಫೈಡ್ ತೊಳೆದು ಕಳಿಸಿದರೆ ಅದು ಅಂಟಾಗುತ್ತದೆ, ಇಲ್ಲವೇ ಅನಿಲ ಸ್ಥಾವರಕ್ಕೆ ಮೇವಾಗುತ್ತದೆ. ಅಂಚಿನ ತುಂಡುಗಳಿಂದ ಜೆಲಟಿನ್ ಬರುತ್ತದೆ. ಕೂದಲನ್ನು ಸಲ್ಫೈಡಿನಲ್ಲಿ ಕರಗಿಸುವ ಬದಲು ಕಿಣ್ವ ಬಳಸಿ ಇಡಿಯಾಗಿ ಬಿಡಿಸಿದರೆ ಕೆಸರು ಕಡಿಮೆಯಾಗುತ್ತದೆ, ಕೂದಲು ಗೊಬ್ಬರಕ್ಕೆ ಒದಗುತ್ತದೆ.

ಕ್ರೋಮ್ ಡ್ರಮ್ಮಿನಿಂದ ಹೊರಬಂದ ಚರ್ಮ ತಿಳಿನೀಲಿ. ದಪ್ಪ ಸರಿಮಾಡುವ ಶೇವಿಂಗ್ ಯಂತ್ರದಡಿ ಅದೇ ಬಣ್ಣದ ಸಿಪ್ಪೆ ರಾಶಿ ಬೀಳುತ್ತದೆ. ಇದನ್ನು ರಬ್ಬರ್ ಹಾಲಿನೊಂದಿಗೆ ಅರೆದು ಒತ್ತಿ ಬೂಟಿನೊಳಗಿನ ಲೆದರ್ ಬೋರ್ಡ್ ಮಾಡುತ್ತಾರೆ. ಕ್ಷಾರ, ಕಿಣ್ವಗಳಲ್ಲಿ ಬೇಯಿಸಿ ಪ್ರೋಟೀನನ್ನೂ ಕ್ರೋಮನ್ನೂ ಬೇರ್ಪಡಿಸುವ ವಿಧಾನವೂ ಇದೆ. ಆ ಪ್ರೋಟೀನ್ ಮೇವಿಗೆ ಸಲ್ಲದು. ಬಾಂಗ್ಲಾದೇಶದ ಹಜಾರಿಬಾಗ್‌ನಲ್ಲಿ ಟ್ಯಾನರಿ ಚೂರುಗಳು ಕೋಳಿ, ಮೀನುಗಳ ಮೇವಿಗೆ ಸೇರಿ ದೊಡ್ಡ ಗದ್ದಲವೇ ಆಯಿತು.

ಶುದ್ಧೀಕರಣ ಘಟಕದ ಕೆಸರೇ ಎಲ್ಲಕ್ಕಿಂತ ಮೊಂಡು. ಅದನ್ನು ಹಿಂಡಿ ಒಣಗಿಸಿ, ತಳಕ್ಕೆ ಸೋರದ ಹಾಸು ಹಾಕಿದ ಸುರಕ್ಷಿತ ಗುಂಡಿಗೇ ಕಳಿಸಬೇಕು. ‘ಸದ್ಯಕ್ಕೆ ಇಲ್ಲೇ ಇರಲಿ’ ಎಂಬ ಮಾತು ದುಬಾರಿ: 2015ರ ಜನವರಿಯಲ್ಲಿ ರಾಣಿಪೇಟೆಯಲ್ಲಿ ಕೆಸರಿನ ತೊಟ್ಟಿಯ ಗೋಡೆ ಕುಸಿದು, ಮಲಗಿದ್ದ ಹತ್ತು ಕಾರ್ಮಿಕರು ಸತ್ತರು.

ಬ್ಯಾಗು, ಬೆಲ್ಟು ಹೊಲಿಯುವಲ್ಲಿ ಗೆಲುವು ಕತ್ತರಿಸುವ ಮೇಜಿನ ಮೇಲೆ. ಅಚ್ಚುಗಳನ್ನು ಒತ್ತೊತ್ತಾಗಿ ಇಟ್ಟಷ್ಟೂ ಚೂರು ಕಡಿಮೆ. ಉಳಿದದ್ದರಲ್ಲಿ ಪರ್ಸು, ಕೀಚೈನು, ವಾಚಿನ ಪಟ್ಟಿ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೆ ಅಳಲೆಕಾಯಿ, ಜಾಲಿ ತೊಗಟೆಯಲ್ಲಿ ಹದ ಮಾಡಿದ ಚರ್ಮ ಬಳಸುವ ರೂಢಿ. ಅದರ ಚೂರಿನಲ್ಲಿ ಕ್ರೋಮಿನ ತಂಟೆಯಿಲ್ಲ. ಹಾಗಾಗಿ ಸಣ್ಣ ಕಾರ್ಖಾನೆಯವರು ಎರಡು ಬಗೆಗೂ ಬೇರೆ ಬೇರೆ ಚೀಲ ಇಡಿ. ಕ್ರೋಮ್ ಚರ್ಮದ ಚೂರನ್ನು ಮಾತ್ರ ಒಲೆಗೆ, ಇಟ್ಟಿಗೆ ಗೂಡಿಗೆ ಕೊಡಬೇಡಿ: ಸುಟ್ಟಾಗ ಅದರ ಕ್ರೋಮಿಯಂ ಕ್ಯಾನ್ಸರ್ ತರುವ ರೂಪಕ್ಕೆ ತಿರುಗಬಲ್ಲದು.