ತಂದೆಯವರಿಗೊಂದು ಮಡಿಕೆಯ ಶುಭಾಶಯ ಪತ್ರ

ಮನೆಯಲ್ಲಿ ತಾಯಿಯೊಡನೆ ಮಕ್ಕಳ ಮಾತು ತಡೆಯಿಲ್ಲದೆ ಹರಿಯುತ್ತದೆ. ತಂದೆಯೆದುರು ಅದೇ ಮಾತು ಹೊಸ್ತಿಲಿನಲ್ಲಿಯೇ ನಿಂತುಬಿಡುತ್ತದೆ. ಶಾಲೆಯ ಶುಲ್ಕ ಕೇಳುವಾಗ, ಊರಿಗೆ ಹೋಗಲು ಅಪ್ಪಣೆ ಬೇಡುವಾಗ ಬಾಯಿ ತೆರೆಯುವ ಮಕ್ಕಳು ಉಪಕಾರಸ್ಮರಣೆಯನ್ನು ಮಾತ್ರ ಮನಸ್ಸಿನಲ್ಲಿಯೇ ಇಟ್ಟುಕೊಳ್ಳುತ್ತಾರೆ. ತಂದೆ ತೀರಿದ ಮೇಲೆ ಭಾವಚಿತ್ರಕ್ಕೆ ಹಾರ ಹಾಕಿ, ಒಂದು ಮಾತು ಹೇಳದೆ ಹೋದೆವಲ್ಲ ಎಂದು ಕೊರಗುವ ಗೃಹಸ್ಥರನ್ನು ನಾವು ಬಹಳ ಕಂಡಿದ್ದೇವೆ. ಆದುದರಿಂದ ಅವರು ಇರುವಾಗಲೇ ಕೈಗೆ ಕೊಡಬಹುದಾದ ಒಂದು ಪತ್ರದ ಕುರಿತು ಇಲ್ಲಿ ಬರೆಯಬಯಸುತ್ತೇವೆ.

ಜೂನ್ ತಿಂಗಳ ಮೂರನೆಯ ಭಾನುವಾರವನ್ನು ತಂದೆಯರ ದಿನವೆಂದು ಆಚರಿಸುವ ರೂಢಿ ಅಮೆರಿಕದಿಂದ ಬಂದುದು. ಪತ್ನಿ ತೀರಿದ ಬಳಿಕ ಆರು ಮಕ್ಕಳನ್ನು ಸಲಹಿದ ತನ್ನ ತಂದೆಯ ಗೌರವಾರ್ಥವಾಗಿ ಸ್ಪೋಕೇನ್ ನಗರದ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಮಹಿಳೆ 1910ರಲ್ಲಿ ಇದನ್ನು ಆರಂಭಿಸಿದಳು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಮಾಡಿ ಕಾಯಿದೆಯಾಗಿಸಿದರು. ಪರದೇಶದ ಹಬ್ಬವೆಂದು ಮೂಗು ಮುರಿಯುವವರೊಡನೆ ನಮಗೆ ವಾದವಿಲ್ಲ. ಆ ದಿನ ಬೇಡವಾದರೆ ತಂದೆಯವರ ಹುಟ್ಟುಹಬ್ಬವಿದೆ, ಯುಗಾದಿಯಿದೆ. ಆದರೆ ಅಂಗಡಿಯಲ್ಲಿ ಅಚ್ಚಾದ ಮಾತನ್ನು ಕೊಂಡು ಕೊಡುವುದು ನಮಗೆ ಒಗ್ಗದು.

ಮಡಿಕೆಯ ಕಲೆ ನಮಗೆ ಹೊಸತಲ್ಲ. ಹುಣಸೆಬೀಜದ ಸರಿಗೆ ಇದ್ದಿಲಿನ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಒಂದು ಮಡಿಕೆ ಮುಂದಕ್ಕೆ ಇನ್ನೊಂದು ಹಿಂದಕ್ಕೆ ಬರುವಂತೆ ಮಡಿಸಿ, ಬಳಪದಿಂದ ಲೆಕ್ಕಪತ್ರ ಬರೆದಿಡುತ್ತಿದ್ದ ಕಡತಗಳನ್ನು ಹಿಂದೆ ಮಠಗಳಲ್ಲಿಯೂ ವರ್ತಕರಲ್ಲಿಯೂ ಬಳಸುತ್ತಿದ್ದರು. ಇಂದು ಆ ಹೆಸರು ಕಚೇರಿಯ ಫೈಲಿಗೆ ಅಂಟಿಕೊಂಡಿದೆ. ತಂದೆಯ ಋಣದ ಲೆಕ್ಕಕ್ಕೆ ಕಡತದ ಮಡಿಕೆಯೇ ಯೋಗ್ಯವೆಂದು ನಮ್ಮ ಅಭಿಪ್ರಾಯ.

ಮೊದಲು ಎರಡು ಕದದ ಬಾಗಿಲು. 28 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲದ ದಪ್ಪ ಕಾಗದ ತೆಗೆದುಕೊಂಡು ಎರಡೂ ತುದಿಗಳಿಂದ 7 ಸೆಂ.ಮೀ.ಗೆ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಸ್ಕೇಲು ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿದರೆ ಸಣ್ಣ ಕಾಲುವೆ ಬೀಳುತ್ತದೆ. ಕಾಗದಕ್ಕೂ ಮರದಂತೆ ಎಳೆಯುಂಟು. ಎಳೆಗೆ ಅಡ್ಡವಾಗಿ ಮಡಿಸಿದರೆ ಅಂಚು ಬಿರಿಯುತ್ತದೆ. ಈ ಕಾಲುವೆ ಅದನ್ನು ತಡೆಯುತ್ತದೆ. ಕದಗಳ ತುದಿಯನ್ನು ತಲಾ 1 ಮಿ.ಮೀ. ಕತ್ತರಿಸಿದರೆ ಮುಚ್ಚುವಾಗ ಒಂದಕ್ಕೊಂದು ತಾಗುವುದಿಲ್ಲ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಿಂದ ತೋರಣದ ಎಲೆಗಳನ್ನು ಕತ್ತರಿಸಿ ಕದಗಳ ಮೇಲಂಚಿಗೆ ಅಂಟಿಸಬಹುದು. ದೇವರ, ಗುರುಗಳ ಚಿತ್ರವಿರುವ ಭಾಗಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ಇನ್ನು ಕಡತ. ತೆಳು ಡ್ರಾಯಿಂಗ್ ಹಾಳೆಯಿಂದ 10 ಸೆಂ.ಮೀ. ಅಗಲದ ಎರಡು ಪಟ್ಟಿಗಳು ಬೇಕು. ಒಂದು 25, ಇನ್ನೊಂದು 24 ಸೆಂ.ಮೀ. ಉದ್ದ. ಮೊದಲನೆಯದರಲ್ಲಿ ಹೆಚ್ಚಿರುವ 1 ಸೆಂ.ಮೀ.ಗೆ ಮೈದಾ ಅಂಟು ತೆಳ್ಳಗೆ ಸವರಿ ಎರಡನೆಯದನ್ನು ಕೂಡಿಸಿದರೆ 48 ಸೆಂ.ಮೀ. ಪಟ್ಟಿಯಾಗುತ್ತದೆ. ಪ್ರತಿ 12 ಸೆಂ.ಮೀ.ಗೆ ಮುಂದೆ-ಹಿಂದೆ ಮಡಿಸಿ, ಮೊದಲ ಪುಟದ ಬೆನ್ನನ್ನು ಕದಗಳ ನಡುವಿನ ಚೌಕಕ್ಕೆ ಅಂಟಿಸಿರಿ. ಬಾಗಿಲು ತೆರೆದು ತುದಿ ಎಳೆದರೆ ನಾಲ್ಕು ಪುಟಗಳು ಸರಸರನೆ ಬಿಚ್ಚಿಕೊಳ್ಳುತ್ತವೆ. ಮಕ್ಕಳು ಇದನ್ನೇ ಹತ್ತು ಸಲ ಆಡುತ್ತಾರೆ, ಆಡಲಿ.

ಬರೆಯುವುದೇ ಕಠಿಣ. ‘ನೀವು ನನ್ನ ದೇವರು’ ಎಂಬಂಥ ಮಾತು ಎಲ್ಲ ತಂದೆಯರಿಗೂ ಸಲ್ಲುತ್ತದೆ, ಯಾರ ಮನಸ್ಸನ್ನೂ ತಟ್ಟುವುದಿಲ್ಲ. ಪುಟಕ್ಕೊಂದು ನಡೆದ ಸಂಗತಿಯನ್ನು ಬರೆಯಿರಿ. ನಮಗೆ ಪರಿಚಯದ ಮನೆಯ ಹುಡುಗಿಯೊಬ್ಬಳು, ‘ಅಪ್ಪಾಜಿ, ನನ್ನ ಪರೀಕ್ಷೆಯ ದಿನ ನೀವು ಬಸ್ ಸಿಗದೆ ಸೈಕಲ್ ಮೇಲೆ ಕರೆದೊಯ್ದಿರಿ, ಹೊರಗೆ ಮೂರು ತಾಸು ನಿಂತಿದ್ದಿರಿ’ ಎಂದಷ್ಟೇ ಬರೆದಿದ್ದಳು. ಆ ತಂದೆ ಅದನ್ನು ಪಹಣಿ ಪತ್ರಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ. ತಂದೆಯೊಡನೆ ಮನಸ್ತಾಪವಿದ್ದರೆ ಅದನ್ನು ಇಲ್ಲಿ ಕೆದಕುವುದು ಬೇಡ, ಇಲ್ಲದ ಹೊಗಳಿಕೆಯೂ ಬೇಡ. ಒಂದು ನಿಜವಾದ ಸಾಲು ಸಾಕು, ಉಳಿದ ಪುಟಗಳು ಖಾಲಿ ಇರಲಿ. ಅವನ್ನು ಮುಂದಿನ ವರ್ಷ ತುಂಬಬಹುದು.

ವೃದ್ಧರ ಕಣ್ಣಿಗೆ ಕಾಣುವಂತೆ ಅಕ್ಷರಗಳು ದಪ್ಪನಾಗಿ, ಕಪ್ಪು ಶಾಯಿಯಲ್ಲಿರಲಿ. ಅಂಟಿನ ಹಸಿಗೆ ಕಾಗದ ಸುಕ್ಕಾಗುವುದರಿಂದ ಒಂದು ರಾತ್ರಿ ದಪ್ಪ ಪುಸ್ತಕಗಳ ಅಡಿಯಲ್ಲಿಟ್ಟು, ಬೆಳಿಗ್ಗೆ ಕದಗಳನ್ನು ಮುಚ್ಚಿ ಒಂದು ನೂಲು ಸುತ್ತಿ ಕೊಡಿರಿ.